ಟಿರೋಫಿಬಾನ್ ಹಚ್ಚುವ ಮುಂಚೆ, ಹಚ್ಚಿದ ಮೇಲೆ: ಸಿಸಿಯುಗೆ ಹೊಸದಾಗಿ ಬಂದವರಿಗೆ

ಸಿಸಿಯುಗೆ, ಅಂದರೆ ಹೃದಯ ರೋಗಿಗಳ ತೀವ್ರ ನಿಗಾ ಘಟಕಕ್ಕೆ, ಹೊಸದಾಗಿ ಡ್ಯೂಟಿ ಬಿದ್ದ ಸಿಸ್ಟರ್‌ಗಳು, ಬ್ರದರ್‌ಗಳು ಮೊದಲ ವಾರ ಹೆದರುವುದು ವೆಂಟಿಲೇಟರಿಗೆ, ಶಾಕ್ ಕೊಡುವ ಮಿಷಿನ್ನಿಗೆ. ನನ್ನನ್ನು ಕೇಳಿದರೆ, ಅದಕ್ಕಿಂತ ಜಾಸ್ತಿ ಹೆದರಬೇಕಾದ್ದು ಸಿರಿಂಜ್ ಪಂಪಿನಲ್ಲಿ ಸದ್ದಿಲ್ಲದೆ ಇಳಿಯುತ್ತಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಟಿರೋಫಿಬಾನ್‌ಗೆ. ನೋಡಲು ನೀರಿನಂತೆ ಇರುತ್ತದೆ. ರೋಗಿಗೆ ಉರಿಯುವುದಿಲ್ಲ, ತಲೆ ತಿರುಗುವುದಿಲ್ಲ. ಮಾನಿಟರ್ ಏನೂ ಹೇಳುವುದಿಲ್ಲ. ರಕ್ತ ಎಲ್ಲೋ ಸೋರಲು ಶುರುವಾದರೆ ಅದು ನೀವು ಹುಡುಕಿದಾಗ ಮಾತ್ರ ಸಿಗುತ್ತದೆ.

ನಾನು ಕಲಬುರಗಿಯಲ್ಲಿ ಹೃದಯದ ವಾರ್ಡಿನಲ್ಲಿ ನರ್ಸಿಂಗ್ ಆಫೀಸರ್. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ನಮ್ಮ ಕೆಲಸದವರಿಗೆ. ಔಷಧಿ ಬೇಕೋ ಬೇಡವೋ, ಎಷ್ಟು ಹೊತ್ತು ಅನ್ನುವುದು ಕಾರ್ಡಿಯಾಲಜಿಸ್ಟ್ ನಿರ್ಧಾರ. ಅದರಲ್ಲಿ ನಾವು ಕೈ ಹಾಕುವುದಿಲ್ಲ. ಆದರೆ ಆರ್ಡರ್ ಬರೆದವರು ಮುಂದಿನ ಕೇಸಿಗೆ ಕ್ಯಾಥ್ ಲ್ಯಾಬಿಗೆ (ಆಂಜಿಯೋ, ಸ್ಟೆಂಟ್ ಮಾಡುವ ಕೋಣೆಗೆ) ಹೋಗುತ್ತಾರೆ. ಆಮೇಲೆ ಮಂಚದ ಪಕ್ಕ ಉಳಿಯುವುದು ನಾವೇ ಅಲ್ವಾ? ರೋಗಿಯ ಮನೆಯವರು ಓದಿದರೂ ಒಳ್ಳೆಯದೇ. ನಾವು ಯಾಕೆ ಅಷ್ಟೊಂದು ಪ್ರಶ್ನೆ ಕೇಳುತ್ತೇವೆ, ಯಾಕೆ ಪದೇ ಪದೇ ಬಾಯಿ ತೆರೆಸಿ ನೋಡುತ್ತೇವೆ ಅನ್ನುವುದು ಅವರಿಗೂ ತಿಳಿಯಲಿ.

ಹಾವಿನ ಕಥೆ ಒಂದಿಷ್ಟು

ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟುವಾಗ ಮೊದಲು ಬಂದು ಒಟ್ಟುಗೂಡುವುದು ಪ್ಲೇಟ್‌ಲೆಟ್‌ಗಳು. ಅವುಗಳ ಮೈಮೇಲೆ ಗ್ಲೈಕೋಪ್ರೋಟೀನ್ ಟೂಬಿ-ತ್ರೀಎ ಅನ್ನುವ ಕೊಂಡಿಗಳಿರುತ್ತವೆ. ಫೈಬ್ರಿನೋಜನ್ ಆ ಕೊಂಡಿಗಳಿಗೆ ಸಿಕ್ಕಿಕೊಂಡು ಒಂದು ಪ್ಲೇಟ್‌ಲೆಟ್ಟನ್ನು ಇನ್ನೊಂದಕ್ಕೆ ಕಟ್ಟುತ್ತದೆ. ಟಿರೋಫಿಬಾನ್ ಆ ಕೊಂಡಿಯಲ್ಲೇ ಹೋಗಿ ಕೂತುಬಿಡುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಡೆಯುವುದು ಪ್ಲೇಟ್‌ಲೆಟ್ ಕೆರಳುವ ಒಂದೊಂದು ದಾರಿಯನ್ನು. ಇದು ಕೊನೆಯ ಬಾಗಿಲನ್ನೇ ಮುಚ್ಚುತ್ತದೆ. ಯಾವ ದಾರಿಯಿಂದ ಕೆರಳಿದರೂ ಅವು ಒಂದಕ್ಕೊಂದು ಅಂಟುವುದಿಲ್ಲ. ಅದಕ್ಕೇ ಸ್ಟೆಂಟ್ ಹಾಕುವಾಗ ಹೆಪ್ಪು ತುಂಬಾ ಇದ್ದರೆ, ಬಲೂನ್ ಊದಿದರೂ ರಕ್ತ ಸರಿಯಾಗಿ ಹರಿಯದಿದ್ದರೆ ಡಾಕ್ಟರ್ ಇದನ್ನು ಕೇಳುತ್ತಾರೆ.

ಈ ಔಷಧಿ ಹುಟ್ಟಿದ್ದು ಹಾವಿನ ವಿಷದ ಅಭ್ಯಾಸದಿಂದ. ನಮ್ಮ ಕಡೆಯ ಒಣ ಹೊಲ, ಕಲ್ಲುಬಂಡೆಗಳ ಸಂದಿಯಲ್ಲಿ ಸಿಗುವ ಗರಗಸ ಮಂಡಲ ಇದೆಯಲ್ಲ, ಅದೇ ಹಾವಿನ ವಿಷದಲ್ಲಿ ಎಕಿಸ್ಟಾಟಿನ್ ಅನ್ನುವ ಸಣ್ಣ ಪ್ರೋಟೀನ್ ಸಿಕ್ಕಿತು. ಅದು ಪ್ಲೇಟ್‌ಲೆಟ್ ಅಂಟದಂತೆ ತಡೆಯುವ ಬಗೆಯನ್ನು ನೋಡಿ ಟಿರೋಫಿಬಾನ್ ಅಣುವನ್ನು ಲ್ಯಾಬಿನಲ್ಲಿ ಕಟ್ಟಿದರು. ಅದರ ಜೊತೆಗಾರ ಎಪ್ಟಿಫಿಬಟೈಡ್ ಬಂದದ್ದು ಅಮೆರಿಕದ ಒಂದು ಸಣ್ಣ ಬುಡುಬುಡಿಕೆ ಹಾವಿನ ಕಡೆಯಿಂದ. ಎರಡಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಬಾಟಲಿಯಲ್ಲಿ ವಿಷ ಇಲ್ಲ, ಅದು ಪೂರ್ತಿ ಕಾರ್ಖಾನೆಯಲ್ಲಿ ಮಾಡಿದ್ದು. ಆದರೂ ಈ ಕಥೆಯನ್ನು ರೋಗಿಯ ಮನೆಯವರ ಮುಂದೆ ಹೇಳಲು ಹೋಗಬೇಡಿ. ಸಹಿ ಹಾಕಲು ಪೆನ್ನು ಹಿಡಿದವರು ಪೆನ್ನು ಕೆಳಗಿಟ್ಟುಬಿಡುತ್ತಾರೆ.

ಹಚ್ಚುವ ಮುಂಚೆ ಕೇಳುವುದು

ಮೊದಲನೆಯದು ತೂಕ. ಡೋಸ್ ಪೂರ್ತಿ ನಿಂತಿರುವುದು ಕೆಜಿ ಮೇಲೆ. ನಮ್ಮಲ್ಲಿ ಅದನ್ನೇ ಅಂದಾಜಿನಲ್ಲಿ ಬರೆಯುತ್ತಾರೆ. ಎದೆ ನೋವಿನ ರೋಗಿಯನ್ನು ತೂಕದ ಕಾಟಾ ಮೇಲೆ ನಿಲ್ಲಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಮಗನನ್ನು ಕೇಳಿದರೆ "ಎಪ್ಪತ್ತರ ಮ್ಯಾಲ ಇರಬೇಕ್ರಿ" ಅನ್ನುತ್ತಾನೆ. ಅಪ್ಪ ಗಟ್ಟಿಮುಟ್ಟಾಗಿದ್ದ ಕಾಲದ ಲೆಕ್ಕ ಅದು. ಧೋತರ, ಅಂಗಿ, ರುಮಾಲು ತೆಗೆದು ನೋಡಿದರೆ ಪಕ್ಕೆಲುಬು ಎಣಿಸಬಹುದು. ಕಾಟಾ ಇರುವ ಮಂಚ ಇದ್ದರೆ ಅದರಲ್ಲೇ ತೂಗಿ. ಇಲ್ಲದಿದ್ದರೆ ಹಳೆಯ ಓಪಿಡಿ ಚೀಟಿ, ಶುಗರ್ ಬುಕ್ ಕೇಳಿ. ಅದರಲ್ಲಿ ತೂಕ ಬರೆದಿರುತ್ತಾರೆ. ಏನೂ ಸಿಗದಿದ್ದರೆ ಡಾಕ್ಟರ್ ಜೊತೆ ನಿಂತು ಇಬ್ಬರೂ ನೋಡಿ ಒಂದು ಅಂಕಿಗೆ ಬನ್ನಿ. ಕೇಸ್ ಶೀಟಿನಲ್ಲಿ "ಅಂದಾಜು" ಅಂತ ಬರೆಯಿರಿ. ಸಂಶಯ ಇದ್ದರೆ ಕಡಿಮೆ ಕಡೆಗೆ ಹೋಗುವ ಬಗ್ಗೆ ಅವರನ್ನೇ ಕೇಳಿ. ರಕ್ತಸ್ರಾವ ಜಾಸ್ತಿ ಆಗುವುದು ವಯಸ್ಸಾದವರಲ್ಲಿ, ಹೆಣ್ಣುಮಕ್ಕಳಲ್ಲಿ, ಸಣಕಲು ಮೈಯವರಲ್ಲಿ, ಕಿಡ್ನಿ ಸೋತವರಲ್ಲಿ. ಸೇಡಂ ಕಡೆಯಿಂದ ಬಂದ ಸಣಕಲು ಆಯಿ ಒಬ್ಬರಲ್ಲೇ ಈ ನಾಲ್ಕೂ ಕೂಡಿರಬಹುದು.

ಎರಡನೆಯದು ಕಿಡ್ನಿ. ಈ ಔಷಧಿ ಮೈಯಿಂದ ಹೋಗುವುದು ಹೆಚ್ಚಾಗಿ ಮೂತ್ರದ ದಾರಿಯಲ್ಲಿ. ಕ್ರಿಯಾಟಿನಿನ್ 1.8 ಅಂತ ರಿಪೋರ್ಟ್ ಬಂದರೆ "ಸ್ವಲ್ಪ ಜಾಸ್ತಿ" ಅಂತ ಬಿಟ್ಟುಬಿಡಬೇಡಿ. ಲೆಕ್ಕ ಹಾಕಿ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ. ಅದನ್ನು ಕ್ರಿಯಾಟಿನಿನ್ ಗುಣಿಸು 72ರಿಂದ ಭಾಗಿಸಿ. ಹೆಣ್ಣುಮಕ್ಕಳಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸಿ. 70 ವರ್ಷ, 60 ಕೆಜಿ, 1.8 ಕ್ರಿಯಾಟಿನಿನ್ ಇರುವ ಗಂಡಸಿಗೆ ಉತ್ತರ ಸುಮಾರು 32. ಅಂದರೆ ಆ ಕಿಡ್ನಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಬಂದಿದೆ. ಈ ಉತ್ತರವನ್ನೇ ಕ್ರಿಯಾಟಿನಿನ್ ಕ್ಲಿಯರೆನ್ಸ್ ಅನ್ನುತ್ತಾರೆ. ಅಮೆರಿಕದ ಲೇಬಲ್ ಪ್ರಕಾರ ಇದು 60 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬೋಲಸ್ (ಮೊದಲು ಒಮ್ಮೆಲೇ ಕೊಡುವ ಡೋಸ್) ಪೂರ್ತಿ, ಆಮೇಲೆ ಗಂಟೆಗಟ್ಟಲೆ ಓಡುವ ಡ್ರಿಪ್ ಅರ್ಧ. ಯುರೋಪಿನವರು 30ಕ್ಕಿಂತ ಕೆಳಗೆ ಹೋದರೆ ಅರ್ಧ ಮಾಡುತ್ತಾರೆ. ನಿಮ್ಮ ವಾರ್ಡು ಯಾವುದನ್ನು ಹಿಡಿದಿದೆ ಅಂತ ಕೇಳಿ, ಬರೆದು, ಪಂಪ್ ಇಡುವ ಕಡೆ ಗೋಡೆಗೆ ಅಂಟಿಸಿ. ರಾತ್ರಿ ಎರಡಕ್ಕೆ ವಾದ ಮಾಡುವುದು ತಪ್ಪುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದ ತೊಂದರೆ ಇರುವುದು ಅಲ್ಲೇ. ನಮ್ಮ ಹತ್ತಿರ ಬರುವ ಮೊದಲು ಈ ರೋಗಿಗೆ ಏನೇನು ಕೊಟ್ಟಾಗಿದೆ?

ಚಿಂಚೋಳಿ, ಅಫಜಲಪುರ, ಜೇವರ್ಗಿ, ಸುರಪುರದಿಂದ ಬರುವವರು ಸುಮ್ನೆ ಮನೆಯಿಂದ ನೇರವಾಗಿ ಬರುವುದು ಕಡಿಮೆ. ಮೊದಲು ಊರಲ್ಲಿ "ಗ್ಯಾಸ್ ಆಗ್ಯದ" ಅಂತ ಒಂದು ಸೂಜಿ ಬಿದ್ದಿರುತ್ತದೆ, ಹೆಚ್ಚಾಗಿ ಕುಂಡಿಗೆ. ನೋವಿನ ಸೂಜಿ ಅದು. ಆಮೇಲೆ ತಾಲ್ಲೂಕು ಆಸ್ಪತ್ರೆ. ಅಲ್ಲಿ ಇಸಿಜಿ ನೋಡಿ, ಹಬ್‌ನ (ದೊಡ್ಡ ಹೃದಯ ಆಸ್ಪತ್ರೆಯ) ಡಾಕ್ಟರನ್ನು ಕೇಳಿ, ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿ ಕೊಟ್ಟಿರಬಹುದು. ಆ ಯೋಜನೆ ಎಷ್ಟೋ ಜೀವ ಉಳಿಸುವಂಥದ್ದು. ಮೊದಲು ಇಲ್ಲಿಯ ಜನ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಿತ್ತು. ಈಗ 2024ರ ಡಿಸೆಂಬರ್‌ನಲ್ಲಿ ಶುರುವಾದ 371 ಹಾಸಿಗೆಯ ಜಯದೇವ ಆಸ್ಪತ್ರೆಯೂ ಊರಲ್ಲೇ ಇದೆ. ಆದರೆ ಹೆಪ್ಪು ಕರಗಿಸುವ ಸೂಜಿ ಬಿದ್ದ ಮೈಗೆ ಟಿರೋಫಿಬಾನ್ ಸೇರಿಸಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಕೊಡಬೇಕೋ ಬೇಡವೋ ಅಂತ ಡಾಕ್ಟರ್ ತೂಗಿ ನೋಡಬೇಕಾದರೆ ಅವರಿಗೆ ಸಮಯ ಗೊತ್ತಿರಬೇಕು. ರೆಫರ್ ಚೀಟಿಯಲ್ಲಿ ಔಷಧಿಯ ಹೆಸರು ಇರುತ್ತದೆ, ಗಂಟೆ ಇರುವುದಿಲ್ಲ. ಅಂಥ ಚೀಟಿ ಬಂದರೆ ನಾನು ಆ ಆಸ್ಪತ್ರೆಗೆ ಫೋನ್ ಹಚ್ಚುತ್ತೇನೆ. 108ರ ಹುಡುಗ ಇನ್ನೂ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದರೆ ಅವನನ್ನೂ ಕೇಳಿ. ಅವನಿಗೆ ನೆನಪಿರುತ್ತದೆ.

ಕುಂಡಿಯ ಸೂಜಿಯ ವಿಷಯವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಊರ ಡಾಕ್ಟರಿಗೆ ತೊಂದರೆ ಆದೀತು ಅಂತ ಮುಚ್ಚಿಡುತ್ತಾರೆ. "ಕಾಕಾ, ನಿಮ್ಮೂರಾಗ ಸೂಜಿ ಮಾಡಿಸ್ಕೊಂಡ್ರೇನು? ಎಲ್ಲಿ ಮಾಡಿದ್ರು, ರೆಟ್ಟಿಗೋ ಕುಂಡಿಗೋ?" ಅಂತ ನೇರವಾಗಿ, ಬೈಯುವ ದನಿ ಇಲ್ಲದೆ ಕೇಳಿ. ಹೌದು ಅಂದರೆ ಪಕ್ಕಕ್ಕೆ ತಿರುಗಿಸಿ ಆ ಜಾಗ ನೋಡಿ. ಪೆನ್ನಿನಿಂದ ಸುತ್ತ ಗೆರೆ ಎಳೆಯಿರಿ. ಟಿರೋಫಿಬಾನ್ ಹೋದ ಮೇಲೆ ಅಲ್ಲಿ ಮಾಂಸದೊಳಗೆ ರಕ್ತ ತುಂಬಿ ಕಲ್ಲಿನಂತೆ ಗಟ್ಟಿಯಾಗಬಹುದು. ಗೆರೆ ದಾಟಿ ಬಾವು ಬಂದರೆ ಆಗ ಗೊತ್ತಾಗುತ್ತದೆ. ಗೆರೆ ಇಲ್ಲದಿದ್ದರೆ ಮೂರು ಶಿಫ್ಟಿನವರಿಗೂ ಅದು ಮೊದಲಿಂದ ಇದ್ದ ಊತದಂತೆಯೇ ಕಾಣುತ್ತದೆ.

ಕೊನೆಯದಾಗಿ ಹಳೆಯ ರಕ್ತಸ್ರಾವ. ಮೆದುಳಿನಲ್ಲಿ ಎಂದಾದರೂ ರಕ್ತ ಸುರಿದಿತ್ತಾ? ಕಳೆದ ಒಂದು ತಿಂಗಳಲ್ಲಿ ಪಾರ್ಶ್ವವಾಯು, ದೊಡ್ಡ ಆಪರೇಷನ್, ಜೋರಾದ ಪೆಟ್ಟು? ಸಂಡಾಸ ಕಪ್ಪಗೆ ಆಗುತ್ತದಾ? ರಕ್ತ ತೆಳು ಮಾಡುವ ಗುಳಿಗೆ ಇದೆಯಾ? ಬಿಪಿ 180/110ರ ಮೇಲೆ ಇದೆಯಾ? ಯಾವುದಕ್ಕಾದರೂ ಹೌದು ಅಂದರೆ ಬಾಟಲಿ ಪಕ್ಕಕ್ಕಿಡಿ, ಡಾಕ್ಟರಿಗೆ ಹೇಳಿ, ಆಮೇಲೆ ಮುಂದೆ. ರೋಗಿಯ ಮಾತಲ್ಲೇ ಕೇಳಿ. ಉರ್ದು ಮಾತಾಡುವ ಅಜ್ಜಿಗೆ "ಖೂನ್ ಪತ್ಲಾ ಕರ್ನೇಕಿ ಗೋಲಿ ಖಾತೇ ಕ್ಯಾ?" ಅಂದರೆ ತಲೆದಿಂಬಿನ ಕೆಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ಎಲ್ಲ ಗುಳಿಗೆ ಹಾಸಿಗೆ ಮೇಲೆ ಸುರಿಯುತ್ತಾರೆ. ಕನ್ನಡದಲ್ಲಿ ಕೇಳಿದ್ದರೆ ಸುಮ್ನೆ ತಲೆ ಆಡಿಸುತ್ತಿದ್ದರು.

ಇನ್ನೊಂದು ಪ್ರಶ್ನೆ ಮರೆಯಬೇಡಿ. ಮೊದಲು ಸ್ಟೆಂಟ್ ಹಾಕಿಸಿಕೊಂಡವರಾದರೆ, ಆಗ ಈ ಔಷಧಿ ಕೊಟ್ಟು ಪ್ಲೇಟ್‌ಲೆಟ್ ಬಿದ್ದಿತ್ತಾ? ಬಿದ್ದಿದ್ದರೆ ಮತ್ತೆ ಕೊಡುವಂತಿಲ್ಲ.

ಲೆಕ್ಕ ಮತ್ತು ಪಂಪು

ನಮ್ಮ ಕೈಗೆ ಸಾಮಾನ್ಯವಾಗಿ ಬರುವ ಟಿರೋಫಿಬಾನ್ 100 ಎಂಎಲ್ ಬಾಟಲಿ, ಅದರಲ್ಲಿ 5 ಮಿಲಿಗ್ರಾಂ. ಅಂದರೆ ಒಂದು ಎಂಎಲ್‌ಗೆ 50 ಮೈಕ್ರೋಗ್ರಾಂ. ಇದಕ್ಕಿಂತ ಐದು ಪಟ್ಟು ಗಟ್ಟಿ, ಅಂದರೆ ಎಂಎಲ್‌ಗೆ 250 ಮೈಕ್ರೋಗ್ರಾಂ ಇರುವ ಸೀಸೆಯೂ ತಯಾರಾಗುತ್ತದೆ. ಬಾಟಲಿಯ ಮೇಲಿನ ಅಂಕಿ ಓದದೆ ಪಂಪ್ ಒತ್ತಬೇಡಿ. ನಾನು ಕೆಳಗೆ ಹೇಳುವ ಲೆಕ್ಕ 50ರ ಬಾಟಲಿಗೆ ಮಾತ್ರ.

ಸ್ಟೆಂಟ್ ಕೇಸಿನಲ್ಲಿ ಈಗ ನಡೆಯುವ ಡೋಸ್ ಇದು. ಬೋಲಸ್ ಕೆಜಿಗೆ 25 ಮೈಕ್ರೋಗ್ರಾಂ, ಐದು ನಿಮಿಷದೊಳಗೆ. ಆಮೇಲೆ ಕೆಜಿಗೆ ನಿಮಿಷಕ್ಕೆ 0.15 ಮೈಕ್ರೋಗ್ರಾಂ, ಹೆಚ್ಚೆಂದರೆ 18 ಗಂಟೆ. ಇದನ್ನು ಎಂಎಲ್‌ಗೆ ಇಳಿಸಿದರೆ ತುಂಬಾ ಸರಳ. ಬೋಲಸ್ ಅಂದರೆ ತೂಕದ ಅರ್ಧ ಎಂಎಲ್. ಡ್ರಿಪ್ ಅಂದರೆ ತೂಕ ಗುಣಿಸು 0.18, ಗಂಟೆಗೆ ಅಷ್ಟು ಎಂಎಲ್. ಕಿಡ್ನಿ ಸೋತವರಿಗೆ ತೂಕ ಗುಣಿಸು 0.09. 60 ಕೆಜಿಯವರಿಗೆ ಬೋಲಸ್ 30 ಎಂಎಲ್, ಡ್ರಿಪ್ ಗಂಟೆಗೆ 10.8. ಮೇಲೆ ಹೇಳಿದ 1.8 ಕ್ರಿಯಾಟಿನಿನ್‌ನವರಿಗೆ ಡ್ರಿಪ್ 5.4. ಇನ್ನು ಮಗ ಎಪ್ಪತ್ತು ಅಂದ, ನಿಜವಾಗಿ 52 ಇರುವ ಅಪ್ಪನ ಲೆಕ್ಕ ನೋಡಿ. ಬೋಲಸ್ 26 ಹೋಗಬೇಕಾದಲ್ಲಿ 35. ಡ್ರಿಪ್ 9.4 ಇರಬೇಕಾದಲ್ಲಿ 12.6. ಮೂರನೇ ಒಂದು ಭಾಗ ಜಾಸ್ತಿ, ಅದೂ ಇಡೀ ರಾತ್ರಿ. ಲೆಕ್ಕವನ್ನು ಒಬ್ಬರು ಹಾಕಿದ ಮೇಲೆ ಇನ್ನೊಬ್ಬರು ಹಾಳೆ ನೋಡದೆ ತಾವೇ ಹಾಕಬೇಕು. "ಸರಿ ಅದ ಅಲ್ಲ?" ಅಂತ ತೋರಿಸಿ ಸಹಿ ಹಾಕಿಸಿಕೊಳ್ಳುವುದು ಚೆಕ್ ಮಾಡಿದ ಹಾಗಲ್ಲ.

ಅತಿ ದೊಡ್ಡ ಅಪಾಯ ಬೋಲಸ್ಸಿನ ಐದು ನಿಮಿಷದಲ್ಲಿ ಇದೆ. 26 ಎಂಎಲ್ ಐದು ನಿಮಿಷದಲ್ಲಿ ಹೋಗಬೇಕಾದರೆ ಪಂಪಿನಲ್ಲಿ ಗಂಟೆಗೆ 312 ಅಂತ ಇಡುತ್ತೀರಿ. ಅಷ್ಟರಲ್ಲಿ ಪಕ್ಕದ ಮಂಚದಲ್ಲಿ ಯಾರಿಗೋ ವಾಂತಿ. ನೀವು ಅತ್ತ ಹೋಗುತ್ತೀರಿ. ಪಂಪ್ ಅದೇ 312ರಲ್ಲಿ ಓಡುತ್ತಿರುತ್ತದೆ. ಬಾಟಲಿಯನ್ನೇ ಪಂಪಿಗೆ ಹಚ್ಚಿದ್ದರೆ ಇಡೀ ಬಾಟಲಿ ಇಪ್ಪತ್ತು ನಿಮಿಷಕ್ಕೆ ಖಾಲಿ. ಇದಕ್ಕೆ ನನ್ನ ಉಪಾಯ ಒಂದೇ. ಬೋಲಸ್ಸಿಗೆ ಬೇರೆ ಸಿರಿಂಜ್. ಅದರಲ್ಲಿ ಬೋಲಸ್ಸಿನಷ್ಟೇ ಔಷಧಿ, ಒಂದು ಎಂಎಲ್ಲೂ ಜಾಸ್ತಿ ಬೇಡ. ಪಂಪ್ ಮರೆತರೂ ಹೆಚ್ಚಿಗೆ ಹೋಗಲು ಅಲ್ಲಿ ಏನೂ ಇರುವುದಿಲ್ಲ. ಅದು ಮುಗಿದ ಮೇಲೆ ಡ್ರಿಪ್ಪಿನ ಸಿರಿಂಜ್ ಹಚ್ಚಿ, ರೇಟ್ ಹೊಸದಾಗಿ ಒತ್ತಿ, ಬಾಯಿಬಿಟ್ಟು ಓದಿ. ಬೋಲಸ್ ಮುಗಿಯುವವರೆಗೆ ಮಂಚ ಬಿಟ್ಟು ಕದಲಬೇಡಿ. ಪಕ್ಕದ ವಾಂತಿಗೆ ಬೇರೆಯವರನ್ನು ಕೂಗಿ.

ಪಂಪಿನ ಮೇಲೆ ಬಿಳಿ ಟೇಪ್ ಅಂಟಿಸಿ ಹೀಗೆ ಬರೆಯಿರಿ: "ಟಿರೋಫಿಬಾನ್, 50 ಮೈಕ್ರೋಗ್ರಾಂ/ಎಂಎಲ್, 52 ಕೆಜಿ, 9.4 ಎಂಎಲ್/ಗಂಟೆ, ಶುರು ಸಂಜೆ 4.10, ನಿಲ್ಲಿಸುವುದು..." ನಿಲ್ಲಿಸುವ ಗಂಟೆ ಆರ್ಡರಿನಲ್ಲಿ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ತುಂಬಿಸಿ. ಆ ಜಾಗ ಖಾಲಿ ಬಿಟ್ಟರೆ ರಾತ್ರಿ ಶಿಫ್ಟಿನವರು ಬೆಳಗ್ಗೆ ರೌಂಡ್ಸ್ ತನಕ ಓಡಿಸುತ್ತಾರೆ.

60 ಕೆಜಿಯ ರೋಗಿಗೆ 18 ಗಂಟೆ ಓಡಿಸಬೇಕಾದರೆ ಸುಮಾರು 225 ಎಂಎಲ್ ಬೇಕು. ಅಂದರೆ ಮೂರು ಬಾಟಲಿ. ಮೊದಲನೆಯದು ಬೋಲಸ್ ಸೇರಿ ಆರೂವರೆ ಗಂಟೆ ಬರುತ್ತದೆ. ಹೊರಗಿನಿಂದ ತರಿಸುವಂತಿದ್ದರೆ ಮನೆಯವರಿಗೆ ಸಂಜೆಯೇ ಹೇಳಿ. ಮಧ್ಯರಾತ್ರಿ ಪಂಪ್ ಕೂಗಿದಾಗ ಹೊಸ ಜಾಗದಲ್ಲಿ ಮೆಡಿಕಲ್ ಶಾಪ್ ಹುಡುಕುವಂತೆ ಮಾಡಬಾರದು. ಬಾಟಲಿಯನ್ನು ಬೇಸಿಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿ ಬಿಟ್ಟು ಬರುವವರೂ ಇದ್ದಾರೆ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ, 42, 43 ಡಿಗ್ರಿ ಅಂದರೆ ಮಾಮೂಲಿ. ಈ ಔಷಧಿಯನ್ನು ಇಡಬೇಕಾದ್ದು 25 ಡಿಗ್ರಿ ಆಸುಪಾಸಿನಲ್ಲಿ, ಬೆಳಕು ಬೀಳದ ಕಡೆ. ಫ್ರೀಜರಿನಲ್ಲಿ ಇಡಬಾರದು. ಎಸಿ ಇರುವ ಕೋಣೆಯ ಕಪಾಟಿನಲ್ಲಿಡಿ.

ಒಂದೇ ಲೈನಿನಲ್ಲಿ ಹೆಪಾರಿನ್ (ಹೆಪ್ಪು ತಡೆಯುವ ಇನ್ನೊಂದು ಔಷಧಿ), ನೈಟ್ರೋಗ್ಲಿಸರಿನ್, ಡೋಪಮಿನ್, ಮಾರ್ಫಿನ್, ಫ್ಯೂರೋಸೆಮೈಡ್ ಹೋಗಬಹುದು. ಡಯಾಜೆಪಾಮ್ ಮಾತ್ರ ಖಂಡಿತ ಬೇಡ. ಬಾಟಲಿಯೊಳಗೆ ಯಾವುದನ್ನೂ ಬೆರೆಸಬೇಡಿ.

ಔಷಧಿ ಶುರುವಾಗುವ ಮೊದಲೇ ದಪ್ಪದೊಂದು ಎರಡನೇ ಕ್ಯಾನುಲಾ ಹಾಕಿ ಸಲೈನ್ ಲಾಕ್ ಮಾಡಿಬಿಡಿ. ರಕ್ತ ತೆಗೆಯುವುದೆಲ್ಲ ಅದರಿಂದಲೇ. ಬ್ಲಡ್ ಗ್ರೂಪಿಗೂ ಆಗಲೇ ಕಳಿಸಿ. ಶುರುವಾದ ಮೇಲೆ ಚುಚ್ಚುವುದು ಆದಷ್ಟು ಕಡಿಮೆ. ಮಾಂಸಕ್ಕೆ ಸೂಜಿ ಇಲ್ಲವೇ ಇಲ್ಲ, ಟಿಟಿ ಕೂಡ ಈಗ ಬೇಡ. ಮೂಗಿನ ನಳಿಕೆ, ಮೂತ್ರದ ನಳಿಕೆ ಬೇಕೇ ಬೇಕಾದರೆ ಮಾತ್ರ. ಕುತ್ತಿಗೆ, ಭುಜದ ಎಲುಬಿನ ಕೆಳಗಿನ ದೊಡ್ಡ ನಾಳಕ್ಕೆ ಲೈನ್ ಹಾಕಲು ಯಾರಾದರೂ ಹೊರಟರೆ ಟಿರೋಫಿಬಾನ್ ಹೋಗುತ್ತಿದೆ ಅಂತ ಜೋರಾಗಿ ನೆನಪಿಸಿ. ಅಲ್ಲಿ ರಕ್ತ ಬಂದರೆ ಒತ್ತಿ ಹಿಡಿಯಲು ಜಾಗ ಇಲ್ಲ.

ಮೈ ನೋಡುವುದು

ಮೊದಲ ಒಂದು ಗಂಟೆ ಕಾಲು ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಚಾರ್ಟಿನಲ್ಲಿ ಬಿಪಿ, ನಾಡಿ ಬರೆದು ಮುಗಿಸಿದರೆ ನೋಡಿದ ಹಾಗಾಗಲಿಲ್ಲ. ಹೊದಿಕೆ ತೆಗೆದು, ಟಾರ್ಚ್ ಹಿಡಿದು ನೋಡಬೇಕು.

ನಮ್ಮ ಜನರ ಕಪ್ಪು ಮೈ ಮೇಲೆ ನೀಲಿ ಕಲೆ ಬೇಗ ಕಾಣುವುದಿಲ್ಲ. ಹಾಗಾಗಿ ಬಾಯಿಯಿಂದ ಶುರು ಮಾಡಿ. ಒಸಡು, ಅಂಗುಳು, ನಾಲಿಗೆಯ ಕೆಳಗೆ. ಇಲ್ಲೊಂದು ತೊಡಕಿದೆ. ಗುಟಕಾ, ಎಲೆ ಅಡಿಕೆ ಹಾಕುವವರ ಬಾಯಿ ಯಾವಾಗಲೂ ಕೆಂಪು. ಮಿಶ್ರಿ ತಿಕ್ಕುವ ಹೆಣ್ಣುಮಕ್ಕಳ ಒಸಡು ಕಪ್ಪು. ಉಗುಳು ಕೆಂಪಗಿದೆ ಅಂತ ಗಾಬರಿಯಾಗಿ ಡಾಕ್ಟರನ್ನು ಕರೆಸುವವರೂ ಇದ್ದಾರೆ, "ಅದು ಅಡಿಕೆ ಬಿಡ್ರಿ" ಅಂತ ನಿಜವಾದ ರಕ್ತವನ್ನೇ ಬಿಟ್ಟುಬಿಡುವವರೂ ಇದ್ದಾರೆ. ಔಷಧಿ ಹಚ್ಚುವ ಮೊದಲೇ ಬಾಯಿ ಮುಕ್ಕಳಿಸಲು ಹೇಳಿ. ಗಲ್ಲದ ಸಂದಿಯಲ್ಲಿ ಒತ್ತಿಟ್ಟ ತಂಬಾಕು ಇದ್ದರೆ ತೆಗೆಸಿ. ಆಗ ಬಾಯಿ ಹೇಗಿದೆ ಅಂತ ನೋಡಿಟ್ಟುಕೊಳ್ಳಿ. ಆಮೇಲೆ ಸಂಶಯ ಬಂದರೆ ಡ್ರೆಸ್ಸಿಂಗಿನ ಬಿಳಿ ಗಾಜ್ ಬಟ್ಟೆಯ ತುಂಡಿನಿಂದ ಒಸಡು ಮೆತ್ತಗೆ ಒತ್ತಿ. ಅಡಿಕೆಯ ಕಲೆ ಒಂದೆರಡು ಸಲಕ್ಕೆ ತಿಳಿಯಾಗುತ್ತದೆ. ರಕ್ತವಾದರೆ ಹೊಸ ಬಟ್ಟೆಗೂ ಹೊಸದಾಗಿ ಹತ್ತುತ್ತದೆ. ಔಷಧಿ ಓಡುವಷ್ಟು ಹೊತ್ತು ಬ್ರಷ್, ಬೇವಿನ ಕಡ್ಡಿ, ಮಿಶ್ರಿ, ಗಡ್ಡ ಕೆರೆಯುವುದು ಯಾವುದೂ ಬೇಡ. ಅಡಿಕೆ ಚೀಟಿಯನ್ನು ಒಳಗೆ ತಂದುಕೊಡುವ ಗೆಳೆಯರ ಮೇಲೆ ಕಣ್ಣಿಡಿ. ಸಂಜೆ ಭೇಟಿಯ ಹೊತ್ತಿಗೆ ಬರುತ್ತಾರೆ.

ಬಾಯಿ ಆದ ಮೇಲೆ ಕಣ್ಣಿನ ಬಿಳಿ ಭಾಗ, ಅಂಗೈ, ಬಿಪಿ ಪಟ್ಟಿಯ ಕೆಳಗಿನ ಚರ್ಮ. ಪಟ್ಟಿ ಕಟ್ಟಿದ ಜಾಗದಲ್ಲಿ ರಾಗಿ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆ ಎದ್ದರೆ ಪ್ಲೇಟ್‌ಲೆಟ್ ಬಿದ್ದಿರಬಹುದು. ಐದು ನಿಮಿಷಕ್ಕೊಮ್ಮೆ ತಾನೇ ಊದುವ ಹಾಗೆ ಬಿಟ್ಟಿದ್ದರೆ ಬದಲಿಸಿ. ತೋಳನ್ನೂ ಬದಲಿಸುತ್ತಿರಿ. ಆಮೇಲೆ ಮೂತ್ರದ ಬಣ್ಣ, ಸಂಡಾಸದ ಬಣ್ಣ. ಕಬ್ಬಿಣದ ಗುಳಿಗೆ ತೆಗೆದುಕೊಳ್ಳುವವರಿಗೂ ಕಪ್ಪಗಾಗುತ್ತದೆ, ಅದನ್ನೂ ಕೇಳಿ.

ತೊಡೆಯಿಂದ ಆಂಜಿಯೋ ಮಾಡಿದವರಲ್ಲಿ ಎರಡು ಕಡೆ ಮೋಸ ಆಗುತ್ತದೆ. ಒಂದು, ಡ್ರೆಸ್ಸಿಂಗ್ ಒಣಗಿದ್ದರೂ ರಕ್ತ ಹಿಂದಕ್ಕೆ ಹರಿದು ಬೆನ್ನಿನ ಕೆಳಗೆ ನಿಂತಿರುತ್ತದೆ. ಕೈ ಒಳಗೆ ಹಾಕಿ ಹಾಸಿಗೆ ಮುಟ್ಟಿ ನೋಡಿ. ಎರಡು, ಹೊಟ್ಟೆಯ ಹಿಂಭಾಗದಲ್ಲಿ ಒಳಗೊಳಗೇ ತುಂಬುವ ರಕ್ತ. ರೋಗಿ "ನಡ ಹಿಡದದ ಸಿಸ್ಟರ್, ಮಲಗಿ ಮಲಗಿ" ಅನ್ನುತ್ತಾರೆ. ಕಾಲು ಮಡಚದೆ ಮಲಗಿದವರೆಲ್ಲ ಅದನ್ನೇ ಅನ್ನುತ್ತಾರೆ, ನಿಜ. ಆದರೆ ನೋವು ಒಂದೇ ಪಕ್ಕೆಯಲ್ಲಿದ್ದರೆ, ಬಿಪಿ ಇಳಿಯುತ್ತಿದ್ದರೆ, ಬೆವರು ಬಂದು ಮುಖ ಬಿಳಿಚಿದರೆ ದಿಂಬು ಸರಿಮಾಡುತ್ತಾ ನಿಲ್ಲಬೇಡಿ, ಡಾಕ್ಟರಿಗೆ ಓಡಿ. ಮೆಟೊಪ್ರೊಲಾಲ್ ತೆಗೆದುಕೊಂಡವರ ನಾಡಿ ಏರದೆಯೂ ಇರಬಹುದು. ನಾಡಿ 72 ಇದೆ ಅಂತ ಸಮಾಧಾನ ಬೇಡ.

ತಲೆನೋವಿಗೂ ಹೀಗೇ. ನೈಟ್ರೋಗ್ಲಿಸರಿನ್ ಹೋಗುತ್ತಿದ್ದರೆ ತಲೆ ನೋಯುವುದು ಸಹಜ. ಆದರೂ ಪ್ರತಿ ಸಲ ಹೆಸರು ಕೇಳಿ, ಎರಡೂ ಕೈ ಎತ್ತಿಸಿ, ಹಲ್ಲು ತೋರಿಸಲು ಹೇಳಿ. ಮಾತು ತೊದಲಿದರೆ, ಮಂಪರು ಬಂದರೆ, ವಾಂತಿಯಾದರೆ ಅದು ಮೆದುಳಿನ ರಕ್ತಸ್ರಾವ ಅಂತಲೇ ಹಿಡಿದು ಪಂಪ್ ನಿಲ್ಲಿಸಿ ಕರೆಯಿರಿ.

ಪ್ಲೇಟ್‌ಲೆಟ್ ಎಣಿಕೆ

ಹಚ್ಚುವ ಮುಂಚೆ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ). ಬೋಲಸ್ ಆಗಿ ಎರಡರಿಂದ ಆರು ಗಂಟೆಯೊಳಗೆ ಇನ್ನೊಂದು. ಆಮೇಲೆ ಡ್ರಿಪ್ ಇರುವವರೆಗೆ ದಿನಕ್ಕೊಂದು. ನಡುವಿನದನ್ನೇ ಎಲ್ಲರೂ ತಪ್ಪಿಸುವುದು. ಕೆಲವರಲ್ಲಿ ಪ್ಲೇಟ್‌ಲೆಟ್ ಕೆಲವೇ ಗಂಟೆಯಲ್ಲಿ ಧೊಪ್ಪನೆ ಬಿದ್ದುಹೋಗುತ್ತದೆ. ಮರುದಿನ ಬೆಳಗಿನ ರಿಪೋರ್ಟಿಗೆ ಕಾಯುವಷ್ಟು ಸಮಯ ಇರುವುದಿಲ್ಲ.

ಒಂದು ಲಕ್ಷಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ತಕ್ಷಣ ಹೇಳಿ. ಕೆಲವೊಮ್ಮೆ ನೇರಳೆ ಮುಚ್ಚಳದ ಟ್ಯೂಬಿನೊಳಗೇ ಪ್ಲೇಟ್‌ಲೆಟ್ ಗುಂಪುಗಟ್ಟಿ ಮಿಷಿನ್ ಕಡಿಮೆ ಎಣಿಸುತ್ತದೆ. ಅದಕ್ಕೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ತೆಗೆದು, ಸ್ಲೈಡ್ ಮೇಲೆ ಕಣ್ಣಿನಿಂದ ನೋಡಲು ಲ್ಯಾಬಿಗೆ ಹೇಳಿ. ನಿಜವಾಗಿ ಬಿದ್ದಿದ್ದರೆ ಟಿರೋಫಿಬಾನ್ ಮತ್ತು ಹೆಪಾರಿನ್ ಎರಡೂ ನಿಲ್ಲುತ್ತವೆ.

ರಕ್ತ ಬಂದರೆ, ಶೀತ್ ತೆಗೆಯುವಾಗ

ರಕ್ತ ಕಂಡರೆ ಮೊದಲು ಕೈಯಿಂದ ಒತ್ತಿ. ಡಾಕ್ಟರನ್ನು ಕರೆಯಲು ಇನ್ನೊಬ್ಬರನ್ನು ಕಳಿಸಿ. ಡ್ರಿಪ್ ಮತ್ತು ಹೆಪಾರಿನ್ ನಿಲ್ಲಿಸುವ ಮಾತನ್ನು ಆಗಲೇ ಕೇಳಿ. ಜೋರಾದ ರಕ್ತಸ್ರಾವದಲ್ಲಿ ಕೇಳದೆಯೇ ನಿಲ್ಲಿಸುವ ಅಧಿಕಾರ ನಮಗಿರಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಇನ್‌ಚಾರ್ಜ್ ಜೊತೆ ಮಾತಾಡಿ ಅದನ್ನು ಲಿಖಿತವಾಗಿ ಮಾಡಿಸಿಕೊಳ್ಳಿ. ಹೆಪಾರಿನ್‌ಗೆ ಪ್ರತಿಮದ್ದಾಗಿ ಪ್ರೋಟಮಿನ್ ಇದೆ. ಟಿರೋಫಿಬಾನ್‌ಗೆ ಅಂಥ ಮದ್ದಿಲ್ಲ. ಅದರ ಅರ್ಧಾಯುಷ್ಯ ಸುಮಾರು ಎರಡು ಗಂಟೆ. ನಿಲ್ಲಿಸಿದ ಮೇಲೆ ಪ್ಲೇಟ್‌ಲೆಟ್ ಕೆಲಸ ಮರಳಲು ನಾಲ್ಕರಿಂದ ಎಂಟು ಗಂಟೆ ಬೇಕು, ಕಿಡ್ನಿ ಸೋತವರಲ್ಲಿ ಇನ್ನೂ ಜಾಸ್ತಿ. ಅಷ್ಟು ಹೊತ್ತು ನಿಮ್ಮ ಕೈಯೇ ಮದ್ದು. ತೀರಾ ಕೆಟ್ಟರೆ ಡಯಾಲಿಸಿಸ್‌ನಿಂದ ಔಷಧಿಯನ್ನು ಹೊರಗೆ ತೆಗೆಯಬಹುದು.

ತೊಡೆಯ ಶೀತ್, ಅಂದರೆ ಆಂಜಿಯೋಗೆ ರಕ್ತನಾಳದಲ್ಲಿ ಇಟ್ಟ ನಳಿಕೆ, ತೆಗೆಯಲು ಅವಸರ ಬೇಡ. ಹೆಪಾರಿನ್ ನಿಲ್ಲಿಸಿ ಕೆಲವು ಗಂಟೆ ಕಾದು, ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) 180 ಸೆಕೆಂಡಿಗಿಂತ ಕೆಳಗೆ ಇಳಿದ ಮೇಲೆ. ಬೆರಳು ಇಡಬೇಕಾದ್ದು ಚರ್ಮದ ತೂತಿನ ಮೇಲಲ್ಲ, ಅದಕ್ಕಿಂತ ಸ್ವಲ್ಪ ಮೇಲೆ, ನಾಡಿ ಸಿಗುವಲ್ಲಿ. ನಡುನಡುವೆ ಎತ್ತಿ ಇಣುಕಬೇಡಿ. ಮಣಿಕಟ್ಟಿನಿಂದ ಮಾಡಿದವರಲ್ಲಿ ಈ ಕಷ್ಟ ಎಷ್ಟೋ ಕಡಿಮೆ. ಅಲ್ಲಿ ಬ್ಯಾಂಡ್ ಬಿಗಿಯಾಗಿ ಬೆರಳು ನೀಲಿಯಾಗದಂತೆ ನೋಡಿ.

ಜೊತೆಗಾರ ಔಷಧಿಗಳು

ಎಪ್ಟಿಫಿಬಟೈಡ್ ಬಂದರೆ ಇದೇ ಎಚ್ಚರ, ಲೆಕ್ಕ ಬೇರೆ. ಬೋಲಸ್ ಕೆಜಿಗೆ 180 ಮೈಕ್ರೋಗ್ರಾಂ, ಸ್ಟೆಂಟ್ ಕೇಸಾದರೆ ಹತ್ತು ನಿಮಿಷಕ್ಕೆ ಇನ್ನೊಂದು. ಡ್ರಿಪ್ ಕೆಜಿಗೆ ನಿಮಿಷಕ್ಕೆ 2 ಮೈಕ್ರೋಗ್ರಾಂ, ಕ್ರಿಯಾಟಿನಿನ್ ಕ್ಲಿಯರೆನ್ಸ್ 50ಕ್ಕಿಂತ ಕಡಿಮೆ ಇದ್ದರೆ 1. ಡಯಾಲಿಸಿಸ್ ರೋಗಿಗೆ ಕೊಡುವಂತಿಲ್ಲ. ಫ್ಯೂರೋಸೆಮೈಡ್ ಜೊತೆ ಒಂದೇ ಲೈನಿನಲ್ಲಿ ಬೇಡ. ಬೋಲಸ್ಸಿನ ಸೀಸೆಯಲ್ಲಿ ಎಂಎಲ್‌ಗೆ 2 ಮಿಲಿಗ್ರಾಂ, ಡ್ರಿಪ್ಪಿನದರಲ್ಲಿ 0.75. ಅದಲುಬದಲಾದರೆ ಕಥೆ ಮುಗಿಯಿತು. ಇದನ್ನು ಫ್ರಿಜ್ಜಿನಲ್ಲಿ ಇಡಬೇಕು.

ಕ್ಯಾಂಗ್ರೆಲರ್ ಬೇರೆ ಜಾತಿಯದು, ಕ್ಲೋಪಿಡೋಗ್ರೆಲ್ ತಡೆಯುವ ದಾರಿಯನ್ನೇ ತಡೆಯುವ ಡ್ರಿಪ್. ನಿಲ್ಲಿಸಿದ ಒಂದು ಗಂಟೆಗೆ ಅದರ ಪ್ರಭಾವ ಹೋಗಿಬಿಡುತ್ತದೆ. ಅದು ಓಡುವಾಗ ಕ್ಲೋಪಿಡೋಗ್ರೆಲ್ ನುಂಗಿಸಿದರೆ ಗುಳಿಗೆ ಹಿಡಿಯುವುದಿಲ್ಲ. ಡ್ರಿಪ್ ನಿಂತ ತಕ್ಷಣ ಕೊಡಬೇಕು.

ನಿಲ್ಲಿಸಿದ ಮೇಲೆ

ಡ್ರಿಪ್ ನಿಲ್ಲಿಸುವ ಮುಂಚೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಲೋಡಿಂಗ್ ಡೋಸ್ (ಮೊದಲ ದೊಡ್ಡ ಡೋಸ್) ನಿಜವಾಗಿ ಹೊಟ್ಟೆ ಸೇರಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಆಂಬ್ಯುಲೆನ್ಸಿನಲ್ಲಿ ವಾಂತಿಯಾಗಿ ಹೋಗಿರಬಹುದು. ಮಾರ್ಫಿನ್ ಕೊಟ್ಟಿದ್ದರೆ ಗುಳಿಗೆ ರಕ್ತಕ್ಕೆ ಸೇರುವುದೂ ತಡ. ಟಿರೋಫಿಬಾನ್ ಇಳಿಯುವ ಹೊತ್ತಿಗೆ ಗುಳಿಗೆ ಏರಿರದಿದ್ದರೆ ಹೊಸ ಸ್ಟೆಂಟಿಗೆ ಕಾವಲು ಇರುವುದಿಲ್ಲ.

ಪ್ಲೇಟ್‌ಲೆಟ್ ಬಿದ್ದಿದ್ದವರ ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಯ ಹೆಸರನ್ನು ಕನ್ನಡದಲ್ಲೂ ದೊಡ್ಡದಾಗಿ ಬರೆಸಿ. "ಈ ಔಷಧಿ ಮತ್ತೆ ಕೊಡಬಾರದು" ಅಂತ ಸೇರಿಸಿ, ಅದರ ಫೋಟೋ ಮಗನ ಮೊಬೈಲಿನಲ್ಲಿ ನಿಮ್ಮೆದುರಿಗೇ ತೆಗೆಸಿ. ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಪಕ್ಕದ ಮಂಚದವರಿಗೆ ಅಂತ ಎತ್ತಿಡಬೇಡಿ, ಚೆಲ್ಲಿ. ತೆರೆಯದ ಬಾಟಲಿ ಉಳಿದರೆ ಬಿಲ್ ಸಮೇತ ಮನೆಯವರ ಕೈಗೆ ಕೊಡಿ. ತಂದ ಅಂಗಡಿಗೆ ವಾಪಸ್ ಕೊಟ್ಟು ದುಡ್ಡು ತೆಗೆದುಕೊಳ್ಳುವಂತೆ ಹೇಳಿ, ಡಿಸ್ಚಾರ್ಜ್ ದಿನ ಅಲ್ಲ, ಅವತ್ತೇ.